ಕಾಫಿಗೆ ಹಾಕಿದ ಹಳಿ, ಬಾಳೆಹಣ್ಣಿಗೆ ಓಡಿದ ರೈಲು: ಕೋಸ್ಟರಿಕಾ

1️⃣
ಇವತ್ತು ನೀವು ಕೋಸ್ಟರಿಕಾದ ರಾಜಧಾನಿ ಸ್ಯಾನ್ ಹೋಸೆಯಲ್ಲಿ ಬಸ್ ಹತ್ತಿದ್ರೆ, ಟ್ರಾಫಿಕ್ ಕಾಡದಿದ್ರೆ ಸುಮಾರು ಮೂರು ಗಂಟೆಯಲ್ಲಿ ಕೆರಿಬಿಯನ್ ಕಡಲ ದಡದ ಲಿಮೋನ್ ತಲುಪ್ತೀರಿ. ಇವೆರಡು ಊರುಗಳ ನಡುವೆ ರೈಲು ಹಾಕೋಕೆ ಹಿಡಿದದ್ದು 19 ವರ್ಷ. ಆ ಹಳಿಯ ಬೆಲೆ ಕಟ್ಟಿದ್ದು ಯಾರು ಗೊತ್ತಾ? ಬನ್ನಿ, ನೋಡೋಣ.

2️⃣
ಮೊದಲು ಸಮಸ್ಯೆ ಏನು ಅಂತ ತಿಳ್ಕೊಳ್ಳಿ. ಕಾಫಿ ಬೆಳೀತಿದ್ದದ್ದು ದೇಶದ ನಡುವಿನ ಎತ್ತರದ ಕಣಿವೆಯಲ್ಲಿ. ಕೊಳ್ಳೋರು ಇದ್ದದ್ದು ಇಂಗ್ಲೆಂಡಿನಲ್ಲಿ. ಪೂರ್ವಕ್ಕೆ ಇಳಿದ್ರೆ ಅಟ್ಲಾಂಟಿಕ್ ಕಡೆ ಸಿಗುತ್ತೆ ನಿಜ, ಆದ್ರೆ ನಡುವೆ ದಟ್ಟ ಕಾಡು, ಬಿಡದ ಮಳೆ. ಹಾಗಾಗಿ ಎತ್ತಿನ ಗಾಡಿಗಳಲ್ಲಿ ಮೂಟೆ ಹೇರಿ ಪಶ್ಚಿಮದ ಪುಂತಾರೆನಾಸ್ ಬಂದರಿಗೆ ಸಾಗಿಸ್ತಿದ್ರು. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ. ಅದಕ್ಕೂ ಮೊದಲು ಹಡಗು ದಕ್ಷಿಣ ಅಮೆರಿಕದ ತುದಿಯನ್ನೇ ಸುತ್ತಿ ಯುರೋಪಿಗೆ ಹೋಗಬೇಕಿತ್ತು! ಬಣ್ಣ ಬಳಿದ ಆ ಎತ್ತಿನ ಗಾಡಿಗಳ ಪರಂಪರೆಗೆ 2005ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು.

3️⃣
1871ರಲ್ಲಿ ಅಧ್ಯಕ್ಷ ತೊಮಾಸ್ ಗ್ವಾರ್ದಿಯಾ, ಪೆರುವಿನಲ್ಲಿ ರೈಲು ಹಾಕಿಸಿದ್ದ ಅಮೆರಿಕದ ಹೆನ್ರಿ ಮೇಗ್ಸ್ ಜೊತೆ ಒಪ್ಪಂದ ಮಾಡ್ಕೊಂಡ. ಲಂಡನ್ನಿನಿಂದ ಸಾಲ ಬಂತು. ದುಡ್ಡು ಬೇಗ ಮುಗೀತು, ಕೆಲಸ ಮುಗೀಲಿಲ್ಲ. ಕೊನೆಗೆ ಮೇಗ್ಸ್‌ನ ಸೋದರಳಿಯ ಮೈನರ್ ಕೀತ್ ಕೈಗೆ ಕೆಲಸ ಬಂತು. ಜಮೈಕಾ, ಚೀನಾ, ಇಟಲಿಯಿಂದ ಕೂಲಿಗಳನ್ನ ತರಿಸಿದ್ರು. ಮಲೇರಿಯಾ, ಹಳದಿ ಜ್ವರ, ಕುಸಿಯೋ ಗುಡ್ಡ. ಸತ್ತವರು ಸುಮಾರು 4000 ಅಂತ ಹೇಳ್ತಾರೆ. ಕೀತ್‌ನ ಸೋದರರೂ ಅಲ್ಲೇ ತೀರಿಕೊಂಡ್ರು. ಸಂಬಳ ಸರಿಯಾಗಿ ಬರದೆ, ಊಟ ಸರಿಯಿಲ್ಲದೆ 1888ರಲ್ಲಿ ಇಟಲಿಯ ಕೂಲಿಗಳು ಮುಷ್ಕರ ಹೂಡಿದ್ರು.

4️⃣
ಈಗ ಮುಖ್ಯವಾದ ಮಾತು. 1884ರಲ್ಲಿ ಸರ್ಕಾರ ಕೀತ್ ಜೊತೆ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಲಂಡನ್ನಿನ ಸಾಲ ಸರಿಪಡಿಸಿ ಹಳಿ ಮುಗಿಸಿದ್ರೆ ಅವನಿಗೆ 99 ವರ್ಷ ರೈಲಿನ ಗುತ್ತಿಗೆ, ಜೊತೆಗೆ 8 ಲಕ್ಷ ಎಕರೆ ಭೂಮಿ. ಅಂದ್ರೆ ದೇಶದ ಶೇಕಡಾ 6ಕ್ಕೂ ಹೆಚ್ಚು ನೆಲ! 1890ರಲ್ಲಿ ರೈಲು ಓಡಿತು. ಹಳಿಯ ಪಕ್ಕದಲ್ಲೆಲ್ಲ ಬಾಳೆ ತೋಟ ಎದ್ದವು. 1899ರಲ್ಲಿ ಕೀತ್‌ನ ವ್ಯಾಪಾರವೂ ಸೇರಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಭೂಮಿ, ರೈಲು, ಬಂದರು, ಹಡಗು ಎಲ್ಲದರ ಮೇಲೂ ಒಂದೇ ಕಂಪನಿಯ ಹಿಡಿತ ಅಂದ್ರೆ ಸಣ್ಣ ಬಾಳೆ ಬೆಳೆಗಾರ ಚೌಕಾಶಿ ಮಾಡೋದು ಯಾರ ಹತ್ರ?

5️⃣
ಹಳಿ ಹಾಕಿದವರ ಪಾಡು? ಜಮೈಕಾದ ಬಹಳಷ್ಟು ಜನ ಲಿಮೋನ್‌ನಲ್ಲೇ ಉಳಿದ್ರು. ಬಾಳೆ ಕಂಪನಿ ಪಶ್ಚಿಮ ಕರಾವಳಿಯತ್ತ ತಿರುಗಿದಾಗ, ಅಲ್ಲಿನ ತೋಟಗಳಲ್ಲಿ ಕಪ್ಪು ಜನರಿಗೆ ಕೆಲಸ ಕೊಡಬಾರದು ಅಂತ 1934ರ ಒಪ್ಪಂದದಲ್ಲೇ ಬರೆದ್ರು. ಅಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳಿಗೆ ಪೌರತ್ವದ ಬಾಗಿಲು ಸರಿಯಾಗಿ ತೆರೆದದ್ದು 1948ರ ಅಂತರ್ಯುದ್ಧ ಮುಗಿದ ಮೇಲೆ.

6️⃣
ಆ ರೈಲು ಈಗ ಎಲ್ಲಿ? 1987ರಲ್ಲಿ ಬ್ರೌಲಿಯೋ ಕಾರಿಯೋ ಕಾಡಿನ ಮೂಲಕ ಹೊಸ ಹೆದ್ದಾರಿ ಬಂತು. ಆಮೇಲೆ ಭೂಕುಸಿತ, 1991ರ ಏಪ್ರಿಲ್ 22ರ ದೊಡ್ಡ ಭೂಕಂಪ. 1995ರಲ್ಲಿ ಸರ್ಕಾರ ರೈಲು ಸೇವೆಯನ್ನೇ ನಿಲ್ಲಿಸಿತು. ಈಗ ಜನ ಓಡಾಡೋದು ಬಸ್ಸಲ್ಲಿ: ಓಡಿಸೋದು ಖಾಸಗಿ ಕಂಪನಿಗಳು, ಟಿಕೆಟ್ ದರ ನಿಗದಿ ಮಾಡೋದು ಅರೆಸೆಪ್ ಅನ್ನೋ ಸರ್ಕಾರಿ ಸಂಸ್ಥೆ. 2005ರಿಂದ ಸ್ಯಾನ್ ಹೋಸೆ ಸುತ್ತಮುತ್ತ ಮತ್ತೆ ರೈಲು ಓಡ್ತಿದೆ, ಆದ್ರೆ ಲಿಮೋನ್‌ವರೆಗೆ ಹೋಗಲ್ಲ.

ಮುಂದೆ ಪುಸ್ತಕದಲ್ಲಿ "ರೈಲು ಬಂತು, ದೇಶ ಮುಂದುವರೀತು" ಅಂತ ಓದಿದಾಗ ಮೂರು ಪ್ರಶ್ನೆ ಕೇಳಿ: ಸಾಲ ಯಾರದ್ದು? ದುಡಿದವರು ಯಾರು? ಜಮೀನು ಯಾರಿಗೆ ಹೋಯ್ತು? ನಿಮಗೆ ಗೊತ್ತಿರೋ ಇಂಥ ಇನ್ನೊಂದು ರೈಲಿನ ಕಥೆ ಇದ್ರೆ ಕಾಮೆಂಟಲ್ಲಿ ಬರೀರಿ 👇 ಮುಂದಿನ ಕಂತು: 1855ರ ಪನಾಮಾ ರೈಲು.

#ಇತಿಹಾಸ #ಕೋಸ್ಟರಿಕಾ #ಕನ್ನಡದಲ್ಲಿ_ಓದಿ