ಗ್ರೀನಿಚ್ ಆಸ್ಪತ್ರೆ

ಇಂಗ್ಲೆಂಡಿನ ನೌಕಾಪಡೆಯಲ್ಲಿ ದುಡಿದು ಮುಪ್ಪಾದ, ಕೈಕಾಲು ಕಳೆದುಕೊಂಡ ನಾವಿಕರಿಗಾಗಿ ಲಂಡನ್ನಿನ ಗ್ರೀನಿಚ್‌ನಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ಕಟ್ಟಿದ ಆಶ್ರಯಧಾಮ. ಹೆಸರು ಆಸ್ಪತ್ರೆ ಎಂದಿದ್ದರೂ ಇಲ್ಲಿದ್ದವರಲ್ಲಿ ರೋಗಿಗಳಿಗಿಂತ ದಿಕ್ಕಿಲ್ಲದ ಮುದುಕರೇ ಹೆಚ್ಚು. ರೋಗಿಗಳಿಗೆಂದೇ ಬೇರೆ ಕಟ್ಟಡ ಎದ್ದದ್ದು 1760ರ ದಶಕದಲ್ಲಿ.

1692ರ ಲಾ ಹೋಗ್ ನೌಕಾಕದನದಲ್ಲಿ ಗಾಯಗೊಂಡವರ ಪಾಡು ಕಂಡು ಮರುಗಿದ ರಾಣಿ ಎರಡನೆಯ ಮೇರಿ ಇದಕ್ಕೆ ಮುಂದಾದಳು. 1694ರಲ್ಲಿ ಸನ್ನದು ಹೊರಟಿತು. ಅದೇ ವರ್ಷದ ಕೊನೆಗೆ ಆಕೆ ಸಿಡುಬಿಗೆ ಬಲಿಯಾದಳು. ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಸಂಭಾವನೆ ಪಡೆಯದೆ ನಕ್ಷೆ ಮಾಡಿಕೊಟ್ಟ. ಹಿಂದಿದ್ದ ರಾಣಿವಾಸದಿಂದ ನದಿ ಕಾಣದಂತಾಗಬಾರದು ಎಂಬ ಷರತ್ತಿನಿಂದಾಗಿ ಕಟ್ಟಡವನ್ನು ನಡುವೆ ಸೀಳಿ, ಎರಡು ಗುಮ್ಮಟಗಳನ್ನು ಎದುರುಬದುರು ನಿಲ್ಲಿಸಿದ.

ಖರ್ಚಿನ ಒಂದು ಪಾಲು ನಾವಿಕರ ಜೇಬಿನಿಂದಲೇ ಬಂತು. 1696ರಿಂದ ಪ್ರತಿಯೊಬ್ಬನ ಸಂಬಳದಲ್ಲೂ ತಿಂಗಳಿಗೆ ಆರು ಪೆನ್ನಿ ಮುರಿದುಕೊಳ್ಳುತ್ತಿದ್ದರು. ವ್ಯಾಪಾರಿ ಹಡಗಿನವರೂ ಇದನ್ನು ತೆರಬೇಕಿತ್ತು, ಒಳಗೆ ಜಾಗ ಸಿಗುತ್ತಿದ್ದುದು ಮಾತ್ರ ಬಹುಪಾಲು ನೌಕಾಪಡೆಯವರಿಗೆ. ಗಲ್ಲಿಗೇರಿದ ಕಡಲ್ಗಳ್ಳ ಕ್ಯಾಪ್ಟನ್ ಕಿಡ್‌ನ ಸೊತ್ತೂ ಇಲ್ಲಿಗೇ ಸಂದಿತು.

1705ರಲ್ಲಿ ಬಂದ ಮೊದಲ ತಂಡದಲ್ಲಿ 42 ಮಂದಿ. 1814ರ ಹೊತ್ತಿಗೆ ಸಂಖ್ಯೆ 2,700 ದಾಟಿತ್ತು. ಇವರ ಊಟಕ್ಕೆಂದು ಕಟ್ಟಿದ ಹಜಾರಕ್ಕೆ ಜೇಮ್ಸ್ ಥಾರ್ನ್‌ಹಿಲ್ 19 ವರ್ಷ ಚಿತ್ರ ಬರೆದ. ಕೂಲಿ ಚದರ ಗಜದ ಲೆಕ್ಕ: ಚಾವಣಿಗೆ 3 ಪೌಂಡ್, ಗೋಡೆಗೆ 1 ಪೌಂಡ್. ಚಿತ್ರ ಮುಗಿದಾಗ ಹಜಾರ ಉಣ್ಣಲು ತೀರ ಸೊಗಸಾಗಿಬಿಟ್ಟಿತು; ಮುದುಕರ ತಟ್ಟೆಗಳು ನೆಲಮಾಳಿಗೆಗೆ ಇಳಿದವು. ಧರ್ಮಶಾಲೆಗೆ ಇಷ್ಟು ವೈಭವ ಸಲ್ಲದು ಎಂದು ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಆಡಿದ್ದು ಉತ್ಪ್ರೇಕ್ಷೆಯಲ್ಲ. 1806ರಲ್ಲಿ ನೌಕಾಸೇನಾನಿ ನೆಲ್ಸನ್‌ನ ಶವವನ್ನು ದರ್ಶನಕ್ಕೆ ಇಟ್ಟದ್ದು ಇದೇ ಹಜಾರದಲ್ಲಿ.

ವಾಸಿಗಳಿಗೆ ನೀಲಿ ಅಂಗಿ. ದಿನಕ್ಕೆ ಎರಡು ಲೀಟರಿಗೂ ಮಿಕ್ಕಿ ಬೀರು ಸುರಿಯುತ್ತಿದ್ದ ಆಡಳಿತವೇ, ಕುಡಿದು ತೂರಾಡಿದವನಿಗೆ ಎಲ್ಲರೂ ನೋಡಿ ನಗಲೆಂದು ಹಳದಿ ಅಂಗಿ ತೊಡಿಸುತ್ತಿತ್ತು!

1778ರಲ್ಲಿ ಉಪಗವರ್ನರ್ ಥಾಮಸ್ ಬೈಲಿ, ಇಲ್ಲಿನ ಹುದ್ದೆಗಳು ಕಡಲು ಕಾಣದವರ ಪಾಲಾಗುತ್ತಿವೆ ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಮಾನಹಾನಿ ಮೊಕದ್ದಮೆ ಬಿತ್ತು. ಹೊಸ ವಕೀಲ ಥಾಮಸ್ ಎರ್ಸ್ಕಿನ್‌ನ ವಾದದಿಂದ ಅದರಲ್ಲಿ ಗೆದ್ದನಾದರೂ ಕೆಲಸ ಉಳಿಯಲಿಲ್ಲ.

ಪಿಂಚಣಿಯನ್ನು ಮನೆಯಲ್ಲೇ ಪಡೆಯುವ ಅವಕಾಶ ಸಿಕ್ಕೊಡನೆ ಹೆಚ್ಚಿನವರು ಹೊರಟುಹೋದರು. 1869ರಲ್ಲಿ ಧಾಮ ಮುಚ್ಚಿತು. 1873ರಿಂದ 1998ರವರೆಗೆ ಇಲ್ಲಿ ನೌಕಾಪಡೆಯ ಕಾಲೇಜು ನಡೆಯಿತು. ಈಗ ಗ್ರೀನಿಚ್ ವಿಶ್ವವಿದ್ಯಾಲಯವೂ ಸಂಗೀತ ಶಾಲೆಯೊಂದೂ ಇವೆ. ಮುದುಕರ ಬೇಸರ ಕಳೆಯಲು 1864ರಲ್ಲಿ ಪ್ರಾರ್ಥನಾ ಮಂದಿರದ ಕೆಳಗೆ ಮಾಡಿಕೊಟ್ಟ, ಮರದ ಗುಂಡು ಉರುಳಿಸಿ ಗೂಟ ಬೀಳಿಸುವ ಆಟದ ಓಣಿ ಇನ್ನೂ ಹಾಗೆಯೇ ಇದೆ.