ಮನಸ್ಸು, ನಡವಳಿಕೆ ಮತ್ತು ಕ್ಯಾನ್ಸರ್ ಚಿಕಿತ್ಸೆಯ ನಂತರದ ಜೀವನ

ಮನುಷ್ಯನ ವಯಸ್ಸನ್ನು ಜನ್ಮ ದಿನಾಂಕದಿಂದ ಗಣಿಸುವುದು ರೂಢಿಯಲ್ಲಿದೆ. ಆದರೆ ದೇಹದ ಜೀವಕೋಶಗಳು ಎಷ್ಟರ ಮಟ್ಟಿಗೆ ಸವೆದಿವೆ ಎಂಬುದು ಬೇರೆಯೇ ಲೆಕ್ಕ. ಇದನ್ನು ಜೈವಿಕ ವಯಸ್ಸು ಎಂದು ಕರೆಯಲಾಗುತ್ತದೆ. ಒಂದೇ ವರ್ಷದಲ್ಲಿ ಖರೀದಿಸಿದ ಎರಡು ಯಂತ್ರಗಳ ಸವಕಳಿಯು ಬಳಕೆಗೆ ತಕ್ಕಂತೆ ಬೇರೆಯಾಗುವ ಹಾಗೆಯೇ, ಒಂದೇ ವರ್ಷ ಜನಿಸಿದ ಇಬ್ಬರ ಜೈವಿಕ ವಯಸ್ಸು ಬೇರೆ ಬೇರೆಯಾಗಿರಬಹುದು. ಕ್ಯಾನ್ಸರ್ ಚಿಕಿತ್ಸೆ ಪಡೆದವರ ವಿಷಯದಲ್ಲಿ ಈ ವ್ಯತ್ಯಾಸವು ವಿಶೇಷ ಮಹತ್ವವನ್ನು ಹೊಂದಿರುತ್ತದೆ.

ಜೀವಕೋಶದ ಮೇಲೆ ಒತ್ತಡದ ಪರಿಣಾಮ:
ವರ್ಣತಂತುಗಳ ತುದಿಯಲ್ಲಿ ಟೆಲೋಮಿಯರ್ ಎಂಬ ರಕ್ಷಣಾ ಭಾಗವಿದ್ದು, ಕೋಶವು ವಿಭಜನೆಯಾದಂತೆಲ್ಲ ಇದು ಕಿರಿದಾಗುತ್ತಾ ಹೋಗುತ್ತದೆ. ಇದರ ಕುರಿತ ಸಂಶೋಧನೆಗಾಗಿ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಹಾಗೂ ಜ್ಯಾಕ್ ಶೋಸ್ತಾಕ್ ಅವರಿಗೆ 2009ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ನೀಡಲಾಯಿತು. ಬ್ಲ್ಯಾಕ್‌ಬರ್ನ್ ಮತ್ತು ಮನೋವಿಜ್ಞಾನಿ ಎಲಿಸ್ಸಾ ಎಪೆಲ್ ಅವರ ತಂಡವು 58 ತಾಯಂದಿರನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿತು. ಇವರಲ್ಲಿ ಹೆಚ್ಚಿನವರು ದೀರ್ಘಕಾಲದ ಕಾಯಿಲೆಯಿರುವ ಮಕ್ಕಳನ್ನು ಆರೈಕೆ ಮಾಡುತ್ತಿದ್ದವರು. ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದವರ ಟೆಲೋಮಿಯರ್, ಕಡಿಮೆ ಒತ್ತಡವಿದ್ದವರಿಗೆ ಹೋಲಿಸಿದಲ್ಲಿ ಕನಿಷ್ಠ 10 ವರ್ಷ ಹೆಚ್ಚು ವಯಸ್ಸಾದವರಂತೆ ಕಿರಿದಾಗಿತ್ತು. ಅಧ್ಯಯನವು ಚಿಕ್ಕದು, ಒತ್ತಡವೇ ಇದಕ್ಕೆ ಕಾರಣವೆಂದು ಇಷ್ಟರಿಂದಲೇ ನಿರ್ಧರಿಸಲಾಗದು.

ಕ್ಯಾನ್ಸರ್ ಚಿಕಿತ್ಸೆಯೂ ದೇಹದ ವಯಸ್ಸನ್ನು ಹೆಚ್ಚಿಸುತ್ತದೆ. ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದ ಮಹಿಳೆಯರ ರಕ್ತದಲ್ಲಿ, ವಯಸ್ಸಾದಂತೆ ಏರುವ ಒಂದು ಸೂಚಕವು ಸುಮಾರು 15 ವರ್ಷಗಳಿಗೆ ಸಮನಾಗಿ ಏರಿದುದನ್ನು ಅಮೆರಿಕದ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಈ ಕಾರಣಕ್ಕಾಗಿ ಚಿಕಿತ್ಸೆಯನ್ನು ಕೈಬಿಡತಕ್ಕದ್ದಲ್ಲ. ಆದರೆ ಚಿಕಿತ್ಸೆ ಮುಗಿದು ವರ್ಷ ಕಳೆದರೂ ತೀರದ ಆಯಾಸವನ್ನು ಮನೆಯವರು ಸೋಮಾರಿತನವೆಂದು ಭಾವಿಸುವುದು ಸರಿಯಲ್ಲ.

ಮನೋಬಲದಿಂದ ಕ್ಯಾನ್ಸರ್ ವಾಸಿಯಾಗುವುದೇ?:
ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರು ಗುಂಪು ಸಮಾಲೋಚನೆಯಿಂದ ಹೆಚ್ಚು ಕಾಲ ಬದುಕಿದರೆಂದು ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ್ದರು. ಇದು ಬಹಳ ಭರವಸೆ ಮೂಡಿಸಿತ್ತು. ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆದಾಗ್ಯೂ ಮಾನಸಿಕ ಸಂಕಟವು, ಅದರಲ್ಲಿಯೂ ಮೊದಲೇ ಹೆಚ್ಚು ನೊಂದಿದ್ದವರಲ್ಲಿ, ತಗ್ಗಿತು. ನೋವಿನ ಬಾಧೆಯೂ ಕಡಿಮೆಯಾಯಿತು. ಸಮಾಲೋಚನೆ ಒದಗಿಸಲು ಇಷ್ಟು ಪ್ರಯೋಜನವೇ ಸಾಕು. "ಧೈರ್ಯ ಕಳೆದುಕೊಂಡಿದ್ದರಿಂದ ರೋಗ ಮರುಕಳಿಸಿತು" ಎಂದು ರೋಗಿಯನ್ನು ದೂಷಿಸಲು ಯಾವುದೇ ಆಧಾರವಿರುವುದಿಲ್ಲ. ಖಿನ್ನತೆಯು ಬೇರೆ ದಾರಿಯಿಂದ ಹಾನಿ ಮಾಡುತ್ತದೆ: ಔಷಧಿ ತಪ್ಪುತ್ತದೆ, ನಿದ್ರೆ ಕೆಡುತ್ತದೆ, ತಪಾಸಣೆಯ ದಿನಾಂಕ ಮುಂದಕ್ಕೆ ಹೋಗುತ್ತದೆ.

ನಡವಳಿಕೆಯ ಪಾತ್ರ:
ರೋಗ ಬಂದ ಮೇಲೆ ಬೀಡಿ, ಸಿಗರೇಟು ಬಿಟ್ಟು ಏನು ಫಲವೆಂದು ಕೇಳುವವರು ಅನೇಕರು. ರಷ್ಯಾದಲ್ಲಿ ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರ್ ಇದ್ದ 517 ಧೂಮಪಾನಿಗಳನ್ನು ಅನುಸರಿಸಿದ ಅಧ್ಯಯನವು 2021ರಲ್ಲಿ ಇದಕ್ಕೆ ಉತ್ತರ ನೀಡಿದೆ. ಧೂಮಪಾನ ತ್ಯಜಿಸಿದವರ ಬದುಕುಳಿದ ಅವಧಿಯ ಮಧ್ಯಾಂಕವು 6.6 ವರ್ಷವಿದ್ದರೆ, ಮುಂದುವರೆಸಿದವರದು 4.8 ವರ್ಷ.

ವ್ಯಾಯಾಮದ ಬಗ್ಗೆ 2025ರಲ್ಲಿ ಪ್ರಕಟವಾದ ಪುರಾವೆಯು ಇನ್ನೂ ಬಲವಾದುದು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಹಾಗೂ ಕೀಮೋಥೆರಪಿ ಪಡೆದ 889 ಜನರಲ್ಲಿ ಅರ್ಧದಷ್ಟು ಮಂದಿಗೆ 3 ವರ್ಷ ಮಾರ್ಗದರ್ಶಕರ ನೆರವಿನೊಂದಿಗೆ ವ್ಯಾಯಾಮ ಮಾಡಿಸಲಾಯಿತು. ಉಳಿದವರಿಗೆ ಮಾಹಿತಿ ಪುಸ್ತಿಕೆ ಮಾತ್ರ ನೀಡಲಾಯಿತು. 8 ವರ್ಷಗಳ ನಂತರ ಬದುಕುಳಿದವರ ಪ್ರಮಾಣವು ಕ್ರಮವಾಗಿ ಶೇ. 90.3 ಮತ್ತು ಶೇ. 83.2 ಎಂದು ಅಂದಾಜಿಸಲಾಗಿದೆ. ಪುಸ್ತಿಕೆಯೊಂದನ್ನೇ ಕೈಗೆ ಕೊಟ್ಟು ಕಳುಹಿಸುವುದು ಸಾಲದು ಎಂಬುದೂ ಇದರಿಂದ ತಿಳಿಯುತ್ತದೆ. ವ್ಯಾಯಾಮ ಮಾಡಿದವರಲ್ಲಿ ಸ್ನಾಯು ಹಾಗೂ ಕೀಲುಗಳ ತೊಂದರೆ ಸ್ವಲ್ಪ ಹೆಚ್ಚು ಕಂಡುಬಂದುದರಿಂದ, ಚಿಕಿತ್ಸೆ ನೀಡಿದ ವೈದ್ಯರ ಸಲಹೆ ಪಡೆದೇ ಆರಂಭಿಸತಕ್ಕದ್ದು.

ತಂಬಾಕು ತ್ಯಜಿಸಲು ನೆರವು ಬಯಸುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ, ಮಾನಸಿಕ ಸಂಕಟಕ್ಕೆ ಒಳಗಾದವರು ಹಾಗೂ ಅವರನ್ನು ಆರೈಕೆ ಮಾಡುತ್ತಿರುವ ಕುಟುಂಬದವರು ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.