ಕರೆಸಿಕೊಳ್ಳುವುದು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಯಾತ್ರೆ ಮುಗಿಸಿ ಮನೆಗೆ ಬಂದವರನ್ನು ಮಾತನಾಡಿಸಿದರೆ, ಅವರು ತಮ್ಮ ವಾಕ್ಯದ ಕರ್ತೃಸ್ಥಾನವನ್ನು ತಾವು ಹಿಡಿಯದೆ ದೇವರಿಗೆ ಬಿಟ್ಟುಕೊಟ್ಟಿರುವುದು ಕಿವಿಗೆ ಬೀಳುತ್ತದೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಗುಡ್ಡ ಹತ್ತಿ ಇಳಿದ ಹೆಣ್ಣುಮಗಳು ‘ಈ ವರ್ಷ ಎಲ್ಲವ್ವ ಕರಿಸಿಕೊಂಡ್ಳು’ ಎನ್ನುತ್ತಾಳೆ. ಯುಗಾದಿಯ ಹೊತ್ತಿಗೆ ಕಂಬಿಯೊಡನೆ ಶ್ರೀಶೈಲಕ್ಕೆ ನಡೆದುಹೋದ ರೈತ ‘ಮಲ್ಲಯ್ಯ ಕರಿಸಿಕೊಂಡ’ ಎನ್ನುತ್ತಾನೆ. ಹೋಗಲಾರದೆ ಉಳಿದವರನ್ನು ಕೇಳಿದರೂ ಉತ್ತರ ಬರುವುದು ಅದೇ ಧಾತುವಿನಿಂದಲೇ: ‘ಇನ್ನೂ ಕರಿಸಿಕೊಂಡಿಲ್ರಿ.’ ಕೈಯಲ್ಲಿ ಹಣವಿರಲಿಲ್ಲ, ಮನೆಯ ಹಿರಿಯರು ಹಾಸಿಗೆ ಹಿಡಿದಿದ್ದರು, ಕಡಲೆ ಕೀಳುವ ಸಮಯವಾಗಿತ್ತು ಎಂಬ ಕಾರಣಗಳೆಲ್ಲ ಆ ಒಂದು ಕ್ರಿಯಾಪದದೊಳಗೆ ಅಡಗಿ, ಯಾರ ಮೇಲೂ ದೂರಿಲ್ಲದಂತೆ ಶಾಂತವಾಗಿ ಕುಳಿತುಬಿಡುತ್ತವೆ.

‘ಕರೆ’ ಎಂಬ ಧಾತು ಕನ್ನಡದಲ್ಲಿ ಬಹು ಪ್ರಾಚೀನವಾದದ್ದು. ಕೂಗಿ ಬರಮಾಡುವ ಕರೆ, ನೀರಿನ ದಡವೆನಿಸಿದ ಕರೆ, ಬಟ್ಟೆಗೆ ಹತ್ತಿದ ಕಲೆಯೆಂಬ ಕರೆ, ಆಕಳ ಕೆಚ್ಚಲಿನಿಂದ ಹಾಲು ಕರೆಯುವ ಕರೆ, ಇವೆಲ್ಲ ಇಂದಿನ ಬರವಣಿಗೆಯಲ್ಲಿ ಒಂದೇ ರೂಪದಿಂದ ಕಾಣಿಸಿಕೊಂಡರೂ ಹಳಗನ್ನಡದಲ್ಲಿ ಹೀಗೆ ಒಂದರೊಡನೊಂದು ಕಲೆತಿರಲಿಲ್ಲ. ಕಲೆಗೂ ಹಾಲಿಗೂ ಸಂಬಂಧಿಸಿದ ಎರಡು ಮಾತುಗಳಲ್ಲಿ ಶಕಟರೇಫವಿತ್ತು, ಆ ಅಕ್ಷರವು ಬಳಕೆಯಿಂದ ಜಾರಿದ ಮೇಲೆ ಬೇರೆ ಬೇರೆ ಕುಲದ ಪದಗಳು ಒಂದೇ ಮನೆಯಲ್ಲಿ ವಾಸಿಸುವಂತಾಯಿತು. 1853ರಲ್ಲಿ ಸಮುದ್ರ ದಾಟಿ ಈ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ತನ್ನ ಮಹಾನಿಘಂಟನ್ನು ಅಚ್ಚು ಹಾಕಿಸಿದ ಕಿಟೆಲ್ ಪಾದ್ರಿಯು ಇವುಗಳ ಕುಲಗೋತ್ರಗಳನ್ನು ಬಿಡಿಸಿಟ್ಟಿದ್ದಾನೆ. ನಮ್ಮ ಈ ಎರೆಭೂಮಿಯ ಸೀಮೆಯಲ್ಲಿ ಹಾಲನ್ನು ‘ಹಿಂಡುತ್ತಾರೆ’ಯಾದುದರಿಂದ, ‘ಕರಿಯೂದು’ ಎಂದೊಡನೆ ಜನಕ್ಕೆ ಮೊದಲು ಹೊಳೆಯುವುದು ಆಹ್ವಾನದ ಅರ್ಥವೇ.

ಆದರೆ ದೇವರ ವಿಷಯಕ್ಕೆ ಬಂದಾಗ ಜನರು ‘ಕರೆದ’ ಎಂದು ಸುಮ್ಮನಾಗುವುದಿಲ್ಲ, ‘ಕರೆಸಿಕೊಂಡ’ ಎನ್ನುತ್ತಾರೆ. ಈ ರೂಪದ ರಚನೆಯನ್ನು ತಾಳ್ಮೆಯಿಂದ ನೋಡತಕ್ಕದ್ದು. ‘ಇಸು’ ಎಂಬುದು ಪ್ರೇರಣಾರ್ಥಕ: ಒಬ್ಬನು ತಾನೇ ಮಾಡದೆ ಮತ್ತೊಬ್ಬನ ಕೈಯಿಂದ ಮಾಡಿಸುವುದು. ‘ಕೊಳ್ಳು’ ಎಂಬುದು ಆತ್ಮಾರ್ಥಕ: ಮಾಡಿಸಿದ್ದರ ಫಲ ಮಾಡಿಸಿದವನಿಗೇ ಸೇರುವುದು. ಹಾಗಾದರೆ ಈ ಒಂದೇ ಪದದಲ್ಲಿ ಮೂವರಿದ್ದಾರೆ. ಕರೆಸಿಕೊಂಡವನು ಒಬ್ಬ, ಹೋದವನು ಇನ್ನೊಬ್ಬ. ಇವರಿಬ್ಬರ ನಡುವೆ ಬಾಗಿಲಿಗೆ ಬಂದು ನಿಜವಾಗಿ ಕರೆದವನು, ವಾಕ್ಯದಲ್ಲಿ ಹೆಸರೇ ಇಲ್ಲದವನು, ಮೂರನೆಯವನು. ಕಾಲವು ಮೊದಲನೆಯವನ ವಶದಲ್ಲಿದೆ, ಕಾಲ್ನಡಿಗೆ ಎರಡನೆಯವನದು. ಮೂರನೆಯವನ ಪಾಲಿಗೆ ಬಂದದ್ದು ಕೇವಲ ಸೇವೆ. ಸಾಮಾನ್ಯರನ್ನು ದೇವರು ತನ್ನ ಕೆಲಸಕ್ಕೆ ಆರಿಸಿಕೊಳ್ಳುವ ರೀತಿಯ ಕುರಿತು ನಾನು ಓದಿದ ಪ್ರವಚನಗಳೆಲ್ಲಕ್ಕಿಂತ ಈ ವ್ಯಾಕರಣವೇ ನನಗೆ ಹೆಚ್ಚು ತಿಳಿವನ್ನು ಕೊಟ್ಟಿದೆ.

ಲೋಕವ್ಯವಹಾರದಲ್ಲಿ ಕರೆಯು ಹೇಗೆ ನಡೆಯುತ್ತದೆಯೆಂಬುದನ್ನು ಬಲ್ಲವರಿಗೆ ಇದು ವಿಚಿತ್ರವಲ್ಲ. ಇಲ್ಲಿ ಮದುವೆಯ ಕರೆಯೋಲೆ ಅಚ್ಚಾಗಿ ಬಂದರೆ ಮುಗಿಯುವುದಿಲ್ಲ. ಯಾರಾದರೂ ಹೊಸ್ತಿಲಿಗೆ ಬಂದು, ಕುಂಕುಮ ಹಚ್ಚಿ, ‘ಎಲ್ಲಾರೂ ಬರಬೇಕ್ರಿ’ ಎಂದು ಬಾಯಿತುಂಬ ಹೇಳಿದ ಮೇಲೆಯೇ ಅದು ಕರೆ. ಕರೆಯದ ಮನೆಗೆ ಹೋಗುವವನ ವಿಷಯದಲ್ಲಿ ಸರ್ವಜ್ಞನು ಎಷ್ಟು ಕಠಿಣನಾಗಿದ್ದನೆಂಬುದು ಎಲ್ಲರಿಗೂ ತಿಳಿದದ್ದೇ. ಇನ್ನು ನಾಗರಪಂಚಮಿಯ ಕರೆಯಂತೂ ಹೃದಯವನ್ನು ಕಲಕುವಂಥದು. ಶ್ರಾವಣ ಸಮೀಪಿಸಿದೊಡನೆ ಅತ್ತೆಯ ಮನೆಯಲ್ಲಿರುವ ಹೆಣ್ಣುಮಕ್ಕಳ ಕಿವಿ ದಾರಿಯ ಕಡೆಗೆ ತಿರುಗುತ್ತದೆ. ‘ಅಣ್ಣ ಕರಿಯಾಕ ಬರತಾನ’ ಎಂಬುದೇ ಆ ದಿನಗಳ ಮಾತು. ಕರೆಸಿಕೊಳ್ಳುವುದು ತವರು, ಬರುವವನು ಅಣ್ಣ. ಅವನು ದೂರದಲ್ಲಿ ನಿಂತು ಕೂಗುವುದಿಲ್ಲ. ಬಂದು, ಅತ್ತೆಮಾವಂದಿರನ್ನು ಒಪ್ಪಿಸಿ, ತಂಗಿಯ ಗಂಟನ್ನು ತಾನೇ ಹೊತ್ತು, ಜೊತೆಗೆ ನಡೆದು ಮನೆ ಮುಟ್ಟಿಸುತ್ತಾನೆ. ನಮ್ಮ ಆಡುಮಾತಿನಲ್ಲಿ ಕರೆಯುವುದೆಂದರೆ ಧ್ವನಿ ಮಾಡುವುದಷ್ಟೇ ಅಲ್ಲ, ಜೊತೆಗೂಡಿ ಕರೆದೊಯ್ಯುವುದೂ ಆಗಿದೆ.

ಮತ್ತೊಂದು ಕರೆ ಹೊಲದ್ದು. ಹೆಸರು ಬಿಡಿಸುವಾಗ, ಜೋಳ ಕೊಯ್ಯುವಾಗ, ಹಿಂದಿನ ಸಂಜೆಯೇ ಹೊಲದವರು ಓಣಿಗೆ ಬಂದು ಆಳು ಕರೆದು ಹೋಗುತ್ತಾರೆ. ಯಾರೂ ಕರೆಯಲು ಬಾರದ ಸಂಜೆಯ ಭಾರವನ್ನು ಕೂಲಿಯವರ ಮನೆಯಲ್ಲಿ ಬೆಳೆದವರೇ ಬಲ್ಲರು. ಯೇಸುವು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ ಹೊತ್ತು ಮುಳುಗುವ ಮುನ್ನ ಇನ್ನೂ ಪೇಟೆಯಲ್ಲಿ ನಿಂತಿದ್ದವರನ್ನು ಯಜಮಾನನು ಏಕೆ ಸುಮ್ಮನೆ ನಿಂತಿರಿ ಎಂದು ಕೇಳಿದಾಗ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಉತ್ತರಿಸುತ್ತಾರೆ. ಬೆಟಗೇರಿಯ ಕ್ರೈಸ್ತ ನೇಕಾರನಿಗಾಗಲಿ ರೋಣದ ಲಿಂಗವಂತ ರೈತನಿಗಾಗಲಿ ಆ ಉತ್ತರದ ಅರ್ಥವನ್ನು ವ್ಯಾಖ್ಯಾನಿಸಿ ಹೇಳಬೇಕಾದ ಅಗತ್ಯವಿಲ್ಲ. ಆ ನಿಂತವರು ಸೋಮಾರಿಗಳಾಗಿರಲಿಲ್ಲ. ಅವರ ಹೊತ್ತು ಬಂದಿರಲಿಲ್ಲ.

ಆ ಹೊತ್ತನ್ನು ಗಣಿಸಿ ತಿಳಿಯಬೇಕೆಂಬ ಹಂಬಲವೂ ಮನುಷ್ಯಸಹಜವೇ. ಕಾಲಜ್ಞಾನದ ತಾಳೆಗರಿಗಳನ್ನು ನಂಬಿದ್ದ ಒಂದು ಪಂಗಡದವರು 1840ರ ಸುಮಾರಿಗೆ ಧಾರವಾಡ ಪ್ರಾಂತದಲ್ಲಿ ಬಾಸೆಲ್ ಮಿಷನ್ನಿನವರನ್ನು ಕಂಡು, ತಮ್ಮ ಗ್ರಂಥಗಳು ಮುನ್ನುಡಿದ ಕಾಲವು ಬಂದೊದಗಿತೆಂದು ನುಡಿದರು. ಮಿಷನ್ನಿನವರೂ ತಮ್ಮ ಪ್ರಾರ್ಥನೆಗೆ ಉತ್ತರ ಬಂತೆಂದು ಹರ್ಷಿಸಿ, 1841ರಲ್ಲಿ ಗದಗದ ಬಳಿಯ ಮಲ್ಲಸಮುದ್ರದಲ್ಲಿ ಅವರಿಗಾಗಿ ವಸತಿಯನ್ನು ಏರ್ಪಡಿಸಿದರು. ನಿರೀಕ್ಷಿಸಿದ ಸಮೂಹ ಬರಲಿಲ್ಲ. ಎರಡು ಕಡೆಯವರೂ ಪ್ರಾಮಾಣಿಕರೇ, ಎರಡು ಕಡೆಯವರೂ ಕಾಲವನ್ನು ಓದಿದೆವೆಂದು ತಿಳಿದಿದ್ದವರೇ. ಅದೇ ಮಿಷನ್ನಿನವರು ಬೆಟಗೇರಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ, ರೋಗಿಗಳ ಶುಶ್ರೂಷೆ ಮಾಡುವ ಕೆಲಸಕ್ಕೆ ಇಳಿದಾಗ, ಯಾವ ಗರಿಯೂ ಮುನ್ನುಡಿಯದಿದ್ದ ಆ ಸೇವೆಯು ಬೇರೂರಿ ಬೆಳೆಯಿತು.

ಇದಕ್ಕಿಂತ ಘೋರವಾದ ಪ್ರಮಾದವೊಂದುಂಟು. ಅದನ್ನು ಹೇಳದೆ ಈ ಪದದ ಚರಿತ್ರೆಯನ್ನು ಬರೆದರೆ ಅಪಚಾರವಾದೀತು. ಮೂರನೆಯವನು, ಅಂದರೆ ಕರೆ ತಂದವನು, ಸುಳ್ಳಾಡಬಹುದು. ಬಡವರ ಮನೆಯ ಹುಡುಗಿಯ ತಲೆಯಲ್ಲಿ ಕೂದಲು ಜಡೆಗಟ್ಟಿದರೆ ‘ತಾಯಿ ಕರಿಯಾಕತ್ತಾಳ’ ಎಂದು ಹೇಳಿ, ಆಕೆಗೆ ಮುತ್ತು ಕಟ್ಟಿಸಿ ದೇವದಾಸಿಯಾಗಿಸಿ, ಬಾಳನ್ನೇ ಸೂರೆಗೊಂಡವರು ಈ ಪ್ರಾಂತದಲ್ಲಿ ಬಹುಕಾಲ ಇದ್ದರು. 1934ರಲ್ಲಿ ಮುಂಬಯಿ ಸರಕಾರವೂ 1982ರಲ್ಲಿ ಕರ್ನಾಟಕ ಸರಕಾರವೂ ಶಾಸನ ಮಾಡಬೇಕಾಗಿ ಬಂದದ್ದು ಇದರ ದೆಸೆಯಿಂದ. ಯಾವ ಕರೆಯು ದುರ್ಬಲಳ ಬೆಲೆಯಿಂದ ಬಲಿಷ್ಠನ ಭೋಗವನ್ನು ಬೆಳೆಸುತ್ತದೆಯೋ ಅದು ದೇವಿಯದಲ್ಲವೆಂದು ಹೇಳಲು ನನಗೆ ಕಿಂಚಿತ್ತೂ ಸಂಕೋಚವಿಲ್ಲ. ಅಲ್ಲಿ ‘ಕೊಳ್ಳು’ ಎಂಬ ಆತ್ಮಾರ್ಥಕವನ್ನು ಕದ್ದವನು ಮನುಷ್ಯ.

ಸಾರ್ವಜನಿಕ ಜೀವನದಲ್ಲಿಯೂ ಕರೆಗೆ ಸ್ಥಾನವುಂಟು, ನರಗುಂದಕ್ಕಂತೂ ಅದು ಹೊಸದಲ್ಲ. 1858ರಲ್ಲಿ ಬಾಬಾಸಾಹೇಬನ ಬಂಡಾಯ, 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ಮಲಪ್ರಭೆಯ ರೈತರ ಮೇಲೆ ಗೋಲಿಬಾರು, 2015ರಿಂದ ಮಹದಾಯಿಯ ನೀರಿಗಾಗಿ ನಡೆದ ದೀರ್ಘ ಧರಣಿ, ಇವೆಲ್ಲ ಕರೆಗೆ ಓಗೊಟ್ಟವರ ಕಥೆಗಳೇ. ಆ ಕರೆಗಳಿಗೆ ತಾರೀಖಿತ್ತು, ಗಳಿಗೆಯಿತ್ತು; ಇಂಥ ದಿನ ಅಂಗಡಿ ಮುಚ್ಚತಕ್ಕದ್ದು, ಇಂಥ ಹೊತ್ತಿಗೆ ಕಚೇರಿಯ ಮುಂದೆ ಸೇರತಕ್ಕದ್ದು ಎಂದು ಸಾರಲಾಗುತ್ತಿತ್ತು. ದೇವರ ಕರೆಗೆ ಅಂಥ ಸೌಕರ್ಯವಿಲ್ಲ; ಅದು ಯಾವಾಗ, ಯಾರ ಮನೆಗೆ ಬರುವುದೆಂದು ಯಾರೂ ಸಾರಲಾರರು.

ಸೂಡಿಯ ಸಮೀಪದ ಇಟಗಿಯನ್ನು ನೆನೆಯುತ್ತೇನೆ. ಕೊಪ್ಪಳ ಸೀಮೆಯ, ಮಹಾದೇವ ದೇವಾಲಯದಿಂದ ಪ್ರಸಿದ್ಧವಾದ ಇಟಗಿ ಬೇರೆ. ಇದು ಧರ್ಮರ ಮಠದ ಇಟಗಿ. ಇಲ್ಲಿಯ ಭೀಮವ್ವ ಹಾಲುಮತದ ಒಬ್ಬ ಗೃಹಿಣಿ. ಪೀಠವಿಲ್ಲ, ಪಾಂಡಿತ್ಯವಿಲ್ಲ, ಸಂಸಾರವನ್ನು ತೊರೆದು ಹೋದವಳೂ ಅಲ್ಲ. ಆದರೂ ಜನ ಆಕೆಯನ್ನು ಭೀಮಾಂಬಿಕೆಯೆಂದು ಪೂಜಿಸುತ್ತಾರೆ, ದೂರದೂರದಿಂದ ಬಂದು ನಡೆದುಕೊಳ್ಳುತ್ತಾರೆ. ಒಲೆಯ ಮುಂದಿನಿಂದಲೇ ದೇವರು ತನ್ನವಳನ್ನು ಆರಿಸಿಕೊಂಡನೆಂಬ ನಂಬಿಕೆ ಈ ಸೀಮೆಯ ಹೆಣ್ಣುಮಕ್ಕಳಿಗೆ ಕೊಟ್ಟಿರುವ ಧೈರ್ಯವು ಬಹು ದೊಡ್ಡದು.

ಕರೆಸಿಕೊಳ್ಳುವುದರ ಮೂವರನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಮಾತ್ರ ಗದಗದ ಅಂಧ ಸಂಗೀತಗುರುಗಳಾದ ಗವಾಯಿಗಳ ಕಥೆಗೇ ಬರಬೇಕು. ಅವರಲ್ಲಿ ಮೊದಲಿಗರನ್ನು ಸಂಗೀತಕ್ಕೆ ಹಚ್ಚಿದ ಗುರುವಿನಿಂದ ಆ ಕಥೆ ಆರಂಭವಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಬಡ ಜಂಗಮರ ಮನೆಯಲ್ಲಿ ಹುಟ್ಟಿದ ಹಾಲಯ್ಯನು ಕೆಲಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಅವನೇ ಮುಂದೆ ಹಾನಗಲ್ಲ ಕುಮಾರಸ್ವಾಮಿಗಳೆನಿಸಿ, 1909ರಲ್ಲಿ ಮಲಪ್ರಭೆಯ ದಡದಲ್ಲಿ, ರೋಣ ಸೀಮೆಗೆ ನೆರೆಯಾದ ಬಾದಾಮಿಯ ಕಡೆ, ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅದರ ಶಾಖೆಯೊಂದು ಈ ಸೀಮೆಯ ನಿಡಗುಂದಿಕೊಪ್ಪದಲ್ಲಿಯೂ ಇದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೂ ಅವನ ಅಣ್ಣ ಗುರುಬಸಯ್ಯನೂ ಹುಟ್ಟುಕುರುಡರು. ಆ ಕಾಲದ ಹಳ್ಳಿಯಲ್ಲಿ ಅಂಥ ಮಕ್ಕಳ ಮುಂದೆ ಇದ್ದ ದಾರಿ ಭಿಕ್ಷೆಯದು. ಅವರ ಕಂಠವನ್ನು ಕೇಳಿದ ಕುಮಾರಸ್ವಾಮಿಗಳು ಸಂಗೀತ ಕಲಿಸುವ ಭಾರವನ್ನು ತಾವೇ ಹೊತ್ತರು. ಗದಿಗೆಯ್ಯ ಕರ್ನಾಟಕ ಸಂಗೀತವನ್ನು ಕಲಿತು, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿಯನ್ನೂ ಅಭ್ಯಸಿಸಿ, ಪಂಚಾಕ್ಷರ ಗವಾಯಿಯಾದರು.

ಕಲಿತ ಮೇಲೆ ದೊರೆಗಳ ದರ್ಬಾರು ಹುಡುಕಿಹೋಗಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಅವರು ತಮ್ಮಂತೆಯೇ ಕಣ್ಣಿಲ್ಲದ, ಗತಿಯಿಲ್ಲದ ಹುಡುಗರನ್ನು ಸುತ್ತ ಕೂಡಿಸಿಕೊಂಡು, ಅವರ ಪಾಠಶಾಲೆಯನ್ನು ಊರಿಂದೂರಿಗೆ ಸಾಗಿಸುತ್ತ, ಕಲಿಸುತ್ತ, ಉಣಿಸುತ್ತ, ಆ ಊಟದ ಸಲುವಾಗಿಯೇ ನಾಟಕ ಮಂಡಳಿಯನ್ನೂ ನಡೆಸುತ್ತ ಹಲವು ವರ್ಷಗಳನ್ನು ಕಳೆದರು. ಗದಗದಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವು ತಲೆಯೆತ್ತಿದಾಗ, ಈ ಕಾರ್ಯಕ್ಕೆ ಹಚ್ಚಿದ ಗುರುಗಳು ಲಿಂಗೈಕ್ಯರಾಗಿ ವರ್ಷಗಳೇ ಉರುಳಿದ್ದವು. ಅವರು 1930ರಲ್ಲಿಯೇ ಬಯಲಾಗಿದ್ದರು. ಕರೆ ತಂದವನು ಕರೆಯ ಫಲವನ್ನು ಕಾಣಬೇಕೆಂಬ ನಿಯಮವಿಲ್ಲ.

ಇತ್ತ ಹಾನಗಲ್ಲ ಸೀಮೆಯ ದೇವರ ಹೊಸಪೇಟೆಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟಯ್ಯನೆಂಬ ಶಿಶುವಿಗೂ ದೃಷ್ಟಿ ಹೋಯಿತು. ಆ ಹುಡುಗನ ಬೆರಳಿನಲ್ಲಿ ಸಂಗೀತವಿರುವುದನ್ನು ಅರಿತ ಸೋದರಮಾವ ಅವನನ್ನು ಗವಾಯಿಗಳ ಬಳಿಗೆ ತಲುಪಿಸಿದನು. 1944ರಲ್ಲಿ ಪಂಚಾಕ್ಷರರು ದೇಹ ಬಿಟ್ಟಾಗ ಆಶ್ರಮದ ಭಾರವೆಲ್ಲ ಪುಟ್ಟರಾಜ ಗವಾಯಿಗಳಾಗಿ ಬೆಳೆದಿದ್ದ ಆ ಪುಟ್ಟಯ್ಯನವರ ಹೆಗಲಿಗೆ ಬಂತು; 2010ರ ಸೆಪ್ಟೆಂಬರಿನಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಇಳಿಸಿಡುವವರೆಗೂ ಅದು ಅಲ್ಲಿಯೇ ಇತ್ತು. ಈ ಎರಡು ಜೀವಗಳಿಂದ ಕರ್ನಾಟಕಕ್ಕೆ ಬಂದ ಗಾಯಕರು, ವಾದಕರು, ಕೀರ್ತನಕಾರರು, ಸಂಗೀತ ಶಿಕ್ಷಕರು ಅಸಂಖ್ಯ. ದೇವರು ಕರೆಸಿಕೊಂಡನೆಂದು ನಾವು ಹೇಳುವಾಗ, ಕುರುಡು ಕೂಸೊಂದನ್ನು ಹೊರೆಯೆಂದು ಬಗೆಯದೆ ಕೈಹಿಡಿದು ನಡೆಸಿದ ಆ ಸೋದರಮಾವನು ‘ಇಸು’ ಎಂಬ ಎರಡಕ್ಷರದ ಪ್ರತ್ಯಯದಲ್ಲಿ ನಿಂತಿರುತ್ತಾನೆ. ಆತನ ಹೆಸರು ಚಂದ್ರಶೇಖರಯ್ಯ. ವಾಕ್ಯವು ಬಿಟ್ಟ ಹೆಸರನ್ನು ನಾವಾದರೂ ಹೇಳೋಣ.

ಆಶ್ರಮದಲ್ಲಿ ಬಳಕೆಯಲ್ಲಿರುವ ಇನ್ನೊಂದು ರೂಪ ‘ಕರೆತರುವುದು’. ಹಳ್ಳಿಗಳಿಂದ ತಂದೆಯೋ ತಾಯಿಯೋ ಅಜ್ಜನೋ ಕಣ್ಣು ಕಾಣದ ಮಗುವನ್ನು ಕರೆತಂದು ಬಿಟ್ಟು, ತಾವು ಬಿತ್ತನೆಗೋ ಸುಗ್ಗಿಗೋ ಹಿಂದಿರುಗುತ್ತಾರೆ. ಆ ಮಕ್ಕಳಲ್ಲಿ ಯಾರ ಕಂಠ ತೆರೆಯುವುದು, ಯಾರ ಕೈಗೆ ತಬಲಾ ಒಲಿಯುವುದು, ಯಾರು ಹತ್ತು ವರ್ಷ ಕಲಿತು ಊರ ಗುಡಿಯ ಭಜನೆಗೆ ಹಾರ್ಮೋನಿಯಂ ನುಡಿಸುವವರಾಗಿ ಮರಳುವರು ಎಂಬುದನ್ನು ಬಿಡಲು ಬಂದವರು ಕೇಳುವುದಿಲ್ಲ. ಊಟದ ವೇಳೆ ಯಾವುದು, ಹಬ್ಬಕ್ಕೆ ಕರಿಯಾಕ ಬರಬಹುದೇ ಎಂದಷ್ಟೇ ಕೇಳುತ್ತಾರೆ.